ಡವ್‌ಕಾಟ್‌ನ ಮೂಲ ಕಾನ್ಫಿಗ್ ಫೈಲುಗಳು ಕೊನೆಗೂ ಮರಳಿದವು

ಶಿರಸಿಯ ನಮ್ಮ ಮನೆಯ ಮೇಲ್ ಸರ್ವರ್ ಮತ್ತೆ ನಡೆಯುತ್ತಿದೆ. ಮಳೆಯ ರಾತ್ರಿ ಕರೆಂಟು ಹೋಗಿ ಬಂದು ಮಾಡಿದ ಮೇಲೆ ಹಳೆಯ ಎಸ್‌ಎಸ್‌ಡಿ ಕೈಕೊಟ್ಟಿತು. ಡಿಸ್ಕನ್ನು ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಮುಗಿದಾಗ, ಬಂದ ಮೇಲ್‌ಗಳನ್ನು ಓದಲು ಒದಗಿಸುವ ಡವ್‌ಕಾಟ್‌ನ ಕಾನ್ಫಿಗ್ (ಹೊಂದಿಕೆ) ಫೋಲ್ಡರ್ ಬರಿದಾಗಿತ್ತು. ಮೇಲ್‌ಗಳು ಬೇರೆ ಡಿಸ್ಕಿನಲ್ಲಿದ್ದುದರಿಂದ ಉಳಿದವು, ಮೇಲ್ ಕಳುಹಿಸುವ, ಸ್ವೀಕರಿಸುವ ಪೋಸ್ಟ್‌ಫಿಕ್ಸ್‌ಗೂ ಏನೂ ಆಗಲಿಲ್ಲ. ಯುಪಿಎಸ್ ಬ್ಯಾಟರಿಯನ್ನು ನಾಳೆಯ ಬಸ್ಸಿಗೆ ಹಾಕುತ್ತೇವೆಂದು ಹುಬ್ಬಳ್ಳಿಯ ಅಂಗಡಿಯವರು ಈಗಲೂ ಹೇಳುತ್ತಲೇ ಇದ್ದಾರೆ. ಹಣ ಪಡೆದ ಮೇಲೆ ಹೀಗೆ ಸತಾಯಿಸುವುದು ನ್ಯಾಯವಲ್ಲ.

ನಮ್ಮ ಸರ್ವರ್‌ನ ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್ 12ರಲ್ಲಿ ಡವ್‌ಕಾಟ್ ಪ್ಯಾಕೇಜನ್ನು ಮರುಸ್ಥಾಪಿಸಿದರೆ ಸಾಕೆಂದು ತೋರುತ್ತದೆ, ಆದರೆ ಒಂದು ಫೈಲೂ ಬರುವುದಿಲ್ಲ. ಇಲ್ಲದ ಕಾನ್ಫಿಗ್ ಫೈಲನ್ನು ಯಜಮಾನನೇ ಬೇಕೆಂದು ಅಳಿಸಿದ್ದಾನೆಂದು ಪ್ಯಾಕೇಜುಗಳನ್ನು ಸ್ಥಾಪಿಸುವ ಡಿಪಿಕೆಜಿ ಭಾವಿಸುತ್ತದೆ. ಅದಕ್ಕೆ, ಇಲ್ಲದ ಫೈಲನ್ನು ಮತ್ತೆ ಹಾಕಿಸುವ ಫೋರ್ಸ್-ಕಾನ್ಫ್‌ಮಿಸ್ ಎಂಬ ಆಯ್ಕೆಯನ್ನು ಕೊಟ್ಟರೂ ಫೋಲ್ಡರ್ ಖಾಲಿಯೇ ಉಳಿಯಿತು. ಇಲ್ಲಿಯೇ ನನ್ನ ಬಹಳಷ್ಟು ಸಮಯ ಹೋಯಿತು. ಡವ್‌ಕಾಟ್‌ನ ಈ ಫೈಲುಗಳನ್ನು ನೋಡಿಕೊಳ್ಳುವುದು ಡಿಪಿಕೆಜಿ ಅಲ್ಲ, ಯುಸಿಎಫ್ ಎಂಬ ಇನ್ನೊಂದು ಸಲಕರಣೆ. ಅದು ತನ್ನದೇ ಹ್ಯಾಶ್‌ಫೈಲಿನಲ್ಲಿ ಪ್ರತಿ ಫೈಲಿನ ಲೆಕ್ಕವನ್ನು ಬೇರೆಯಾಗಿ ಇಟ್ಟುಕೊಂಡು, ಅಳಿದದ್ದನ್ನು ಅಳಿದಂತೆಯೇ ಬಿಡುತ್ತದೆ.

ಪರಿಹಾರವೆಂದರೆ ಯುಸಿಎಫ್_ಫೋರ್ಸ್_ಕಾನ್‌ಎಫ್‌ಎಫ್‌ಮಿಸ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಸೂಚನೆಗೆ) 1 ಎಂಬ ಬೆಲೆ ಕೊಟ್ಟು ಡವ್‌ಕಾಟ್-ಕೋರ್ ಮತ್ತು ಐಮ್ಯಾಪ್‌ಡಿ ಎಂಬ ಡವ್‌ಕಾಟ್‌ನ ಎರಡೂ ಪ್ಯಾಕೇಜುಗಳನ್ನು ಮರುಸ್ಥಾಪಿಸುವುದು. ಡಿಪಿಕೆಜಿಯ ಆಯ್ಕೆಯಲ್ಲಿ ಎಫ್ ಒಂದೇ, ಇಲ್ಲಿ ಎರಡು. ನಿರ್ವಾಹಕನ ಅಧಿಕಾರದಲ್ಲಿ ಆದೇಶ ನಡೆಸುವ ಸುಡೋ ಸಾಮಾನ್ಯವಾಗಿ ಹೊರಗಿನ ವೇರಿಯಬಲ್‌ಗಳನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಅದನ್ನು ಸುಡೋ ಪದದ ನಂತರ, ಸ್ಥಾಪನೆಯ ಆದೇಶವಾದ ಎಪಿಟಿಗೆ ಮೊದಲು ಬರೆಯಬೇಕು. ಪರ್ಜ್ ಮಾಡಿ, ಎಂದರೆ ಪ್ಯಾಕೇಜನ್ನು ಕಾನ್ಫಿಗ್ ಸಮೇತ ತೆಗೆದು ಮತ್ತೆ ಹಾಕಿಯೂ ಇದನ್ನು ಸಾಧಿಸಬಹುದಿತ್ತು, ಆದರೆ ಕೋರ್ ತೆಗೆದರೆ ಅದನ್ನು ನಂಬಿದ ಐಮ್ಯಾಪ್‌ಡಿಯೂ ಹೋಗುತ್ತದೆ. ನನಗೆ ಆ ದಾರಿ ಒಪ್ಪಿಗೆಯಾಗಲಿಲ್ಲ.

ಫೈಲುಗಳು ಬಂದವು, ಇನ್‌ಬಾಕ್ಸ್ ಮಾತ್ರ ಖಾಲಿ. ಕಾರಣ 10-ಮೇಲ್.ಕಾನ್ಫ್: ಡೆಬಿಯನ್ 12ರ ಮೂಲ ಫೈಲಿನಲ್ಲಿ ಮೇಲ್‌ಗಳ ಜಾಗವನ್ನು ಹೇಳುವ ಮೇಲ್_ಲೊಕೇಶನ್, ಎಲ್ಲ ಮೇಲ್‌ಗಳನ್ನು ಒಂದೇ ಫೈಲಿನಲ್ಲಿಡುವ ಎಂಬಾಕ್ಸ್‌ಗೆ ಹೊಂದಿಸಿರುತ್ತದೆ, ನನ್ನ ಮೇಲ್‌ಗಳಿರುವುದು ಪ್ರತಿ ಮೇಲನ್ನೂ ಬೇರೆ ಫೈಲಾಗಿ ಇಡುವ ಮೇಲ್‌ಡಿರ್‌ನಲ್ಲಿ. ಆ ಒಂದು ಸಾಲನ್ನು ಬದಲಿಸಿ ಸರ್ವಿಸನ್ನು ಮತ್ತೆ ಆರಂಭಿಸಿದ ಕೂಡಲೇ ಅಪ್ಪ ತೋಟದ ಮನೆಯಿಂದ ಫೋನ್ ಮಾಡಿ, ಹಳೆಯ ಮೇಲ್‌ಗಳೆಲ್ಲ ಕಾಣುತ್ತಿವೆ ಎಂದರು.

ಮುಂದಿನ ಕೆಲಸ ಕನ್ನಡ ಲಿಪಿಯ ಮೇಲ್ ವಿಳಾಸ. ಅದಕ್ಕೆ ಬೇಕಾದ ಎಸ್‌ಎಂಟಿಪಿಯುಟಿಎಫ್8 ವಿಸ್ತರಣೆ 2012ರ ಆರ್‌ಎಫ್‌ಸಿ 6531 ಎಂಬ ಇಂಟರ್ನೆಟ್ ಮಾನಕದ ದಾಖಲೆಯಲ್ಲಿದ್ದು, ಪೋಸ್ಟ್‌ಫಿಕ್ಸ್ 2015ರಲ್ಲಿ ಬಂದ 3.0 ಆವೃತ್ತಿಯಿಂದಲೇ ಅದನ್ನು ಬಲ್ಲದು. ನಮ್ಮ ಲಿಪಿಯಲ್ಲಿ ವಿಳಾಸ ಬರೆದು ಮೇಲ್ ಕಳುಹಿಸುವ ಆಸೆ ನನಗೆ ಬಹಳ ದಿನಗಳಿಂದ ಇದೆ. ಅದಕ್ಕೂ ಮುನ್ನ ಕಾನ್ಫಿಗ್ ಫೈಲುಗಳೆಲ್ಲ ಇರುವ ಇಟಿಸಿ ಫೋಲ್ಡರನ್ನು ಪೂರ್ತಿಯಾಗಿ, ಅದರ ಪ್ರತಿ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವ ಎಟ್‌ಸಿಕೀಪರ್‌ಗೆ ಒಪ್ಪಿಸಿ, ಅದರ ಗಿಟ್ ಪ್ರತಿಯನ್ನು ಇನ್ನೊಂದು ಯಂತ್ರಕ್ಕೂ ಕಳುಹಿಸುವ ವ್ಯವಸ್ಥೆ ಮಾಡುತ್ತಿದ್ದೇನೆ.