ಒಂದೇ ಗಡಿಯಾರ, ಎರಡು ಸಂಜೆ

ಹೌರಾದಿಂದ ಗೀತಾಂಜಲಿ ಎಕ್ಸ್‌ಪ್ರೆಸ್ ಹತ್ತಿ ಸುಮಾರು ಎರಡು ಸಾವಿರ ಕಿಲೋಮೀಟರ್ ದಾಟಿ ಮುಂಬೈಯ ದಾದರಿನಲ್ಲಿ ಇಳಿದಾಗ ರಾತ್ರಿಯಾಗಿತ್ತು. ಮಾವ ಸ್ಟೇಷನ್ನಿಗೇ ಬಂದಿದ್ದರು. "ನಾಳೆ ಬೇಗ ಏಳ್ಬೇಡ ಮಗಾ, ಆರಾಮಾಗಿ ಮಲಗು" ಎಂದರು.

ಆದರೆ ಐದೂವರೆಗೇ ಎಚ್ಚರವಾಯಿತು. ಹದಿನೈದು ದಿನ ಕೋಲ್ಕತ್ತಾದಲ್ಲಿ ಮಗಳ ಮನೆಯಲ್ಲಿದ್ದೆನಲ್ಲ, ಅದೇ ಅಭ್ಯಾಸ. ಡಿಸೆಂಬರಿನಲ್ಲೂ ಅಲ್ಲಿ ಆರಕ್ಕೆಲ್ಲ ಬೆಳಕು. ಮುಂಬೈಯಲ್ಲಿ, ಮಾವನ ಮಾಟುಂಗದಲ್ಲಿ, ಸೂರ್ಯ ಕಂಡಿದ್ದು ಏಳು ದಾಟಿದ ಮೇಲೆ. ಅಷ್ಟರಲ್ಲಿ ಹೂವಿನವರು ಬಲ್ಬಿನ ಬೆಳಕಲ್ಲೇ ಮಲ್ಲಿಗೆ ಕಟ್ಟುತ್ತಿದ್ದರು, ಉಡುಪಿ ಹೋಟೆಲಿನಿಂದ ಫಿಲ್ಟರ್ ಕಾಫಿಯ ಪರಿಮಳ ಬರುತ್ತಿತ್ತು.

ಎರಡೂ ಊರಿನ ಗಡಿಯಾರ ಒಂದೇ ಸಮಯ ತೋರಿಸುತ್ತದೆ, ಅಲ್ವಾ? ಆದರೆ ಎರಡರ ನಡುವೆ ಹದಿನೈದು ರೇಖಾಂಶಕ್ಕಿಂತ ಸ್ವಲ್ಪ ಜಾಸ್ತಿ ಅಂತರವಿದೆ. ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ. ಅಂದರೆ ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆಗೂ ಮಿಕ್ಕಿ ವ್ಯತ್ಯಾಸ. ಹಿಂದೆ ಇದಕ್ಕೆ ತಕ್ಕಂತೆ ಎರಡೂ ಊರಿಗೆ ಅವುಗಳದೇ ಸಮಯವಿತ್ತು. ಬಾಂಬೆ ಟೈಮ್ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ, ಕಲ್ಕತ್ತಾ ಟೈಮ್ 5 ಗಂಟೆ 53 ನಿಮಿಷ ಮುಂದೆ. 1906ರಲ್ಲಿ ಭಾರತೀಯ ಕಾಲಮಾನ ಬಂತು, ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ. ಆಗ ಮುಂಬೈಯ ಹತ್ತಿ ಗಿರಣಿ ಕೆಲಸಗಾರರು ಪ್ರತಿಭಟಿಸಿದರು. ಸೂರ್ಯನ ಲೆಕ್ಕದಲ್ಲಿ 39 ನಿಮಿಷ ಮೊದಲೇ ಕೆಲಸಕ್ಕೆ ಹಾಜರಾಗಬೇಕಿತ್ತು. ಅವರ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಕತ್ತಲಲ್ಲಿ ಎದ್ದು ಹೊರಡುವವನ ನಿದ್ದೆಯ ಬೆಲೆ ಕಾಗದದಲ್ಲಿ ಸಮಯ ಬದಲಿಸುವವರಿಗೆ ಗೊತ್ತಾಗುವುದು ಕಷ್ಟ. ಹಾಗೆ 1950ರ ದಶಕದವರೆಗೂ ಬಾಂಬೆ ಟೈಮ್ ಊರಲ್ಲಿ ಉಳಿದುಕೊಂಡಿತ್ತು.

ಮಾವ ಕುಂದಾಪುರದಿಂದ ಬಂದಾಗ ಹದಿನಾಲ್ಕು ವರ್ಷವಂತೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕನ್ನಡದ ರಾತ್ರಿ ಶಾಲೆಗೆ ಓಡುತ್ತಿದ್ದರು. "ನಮ್ಮ ಧಣಿಗಳು ಹಳಬರು. ಅವರ ಬಾಯಲ್ಲಿ ಬಾಂಬೆ ಟೈಮ್ ಅನ್ನೋದು ಆಮೇಲೂ ಬರ್ತಿತ್ತು" ಎಂದರು. ಈಗಲೂ ಅವರು ಎಂಟೂ ಮುಕ್ಕಾಲರ ಗಾಡಿ ಅನ್ನುವುದಿಲ್ಲ, 8.43ರ ಫಾಸ್ಟ್ ಲೋಕಲ್ ಅನ್ನುತ್ತಾರೆ. ಕೋಲ್ಕತ್ತಾದಲ್ಲಿ ಮಗಳ ಬೀದಿಯ ಹಿರಿಯರು ಮಣ್ಣಿನ ಲೋಟದ ಚಹಾ ಹಿಡಿದು ಕೂತರೆ ಮಾತಿಗೆ ಕೊನೆಯೇ ಇಲ್ಲ. ಆ ನಿಧಾನ ನನಗೆ ತುಂಬ ಇಷ್ಟವಾಯಿತು. ಮಾವನಿಗೆ ಹಾಗೆ ಕೂರುವ ಸಂಜೆ ಸಿಕ್ಕಿದ್ದು ಎಪ್ಪತ್ತು ದಾಟಿದ ಮೇಲೆ.

ಮಧ್ಯಾಹ್ನ ರಾಜಾಬಾಯಿ ಗಡಿಯಾರ ಗೋಪುರ ನೋಡಿದೆವು. 1878ರಲ್ಲಿ ಮುಗಿದದ್ದು, 280 ಅಡಿ ಎತ್ತರ. ಹಣ ಕೊಟ್ಟ ಪ್ರೇಮಚಂದ್ ರಾಯ್‌ಚಂದ್ ತನ್ನ ತಾಯಿಯ ಹೆಸರಿಟ್ಟ. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲೇ ಊಟ ಮಾಡಬೇಕಿತ್ತು, ಗಂಟೆಯ ಸದ್ದಿನಿಂದ ಆಕೆಗೆ ಹೊತ್ತು ತಿಳಿಯುತ್ತಿತ್ತು ಅಂತ ಹೇಳುತ್ತಾರೆ. ಅಲ್ಲೇ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದೆ.

ಸಂಜೆ ದಾದರ್ ಚೌಪಾಟಿಗೆ ಬಂದಾಗ ಐದೂ ಮುಕ್ಕಾಲು. ಸೂರ್ಯ ಇನ್ನೂ ನೀರಿನ ಮೇಲಿದ್ದ. ಮಗಳಿಗೆ ವಿಡಿಯೋ ಕಾಲ್ ಮಾಡಿದೆ. ಅವಳ ಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು.

"ಅಮ್ಮಾ, ಇಲ್ಲಿ ಪಕ್ಕದ ಮನೆಯವರು ಸಂಜೆಯ ಶಂಖ ಊದಿ ಎಷ್ಟೋ ಹೊತ್ತಾಯ್ತು" ಎಂದಳು. ನಾನು ಫೋನನ್ನು ಸಮುದ್ರದ ಕಡೆ ತಿರುಗಿಸಿದೆ. ಸೂರ್ಯ ಮುಳುಗುವ ತನಕ ಅವಳು ಕಾಲ್ ಕಟ್ ಮಾಡಲಿಲ್ಲ.