ದುಡ್ಡು ತಗೊಳಲ್ಲ ಅಂದ್ರೆ ನಿಮಗೇನು ಲಾಭ?

ನನ್ನದೊಂದು ಸಣ್ಣ ಪ್ರಕಾಶನ, ಕವಿತೆ ಪುಸ್ತಕ ತರ್ತೀನಿ. ಮಂಗಳವಾರ ಮಧ್ಯಾಹ್ನ ಬಂದ ಒಂದು ಫೋನು ಇನ್ನೂ ತಲೆಯಿಂದ ಇಳಿದಿಲ್ಲ. ಗೊತ್ತಿಲ್ಲದ ನಂಬರು, ಆ ಕಡೆ ವಯಸ್ಸಾದ ದನಿ, ಕೆಲಸದಿಂದ ರಿಟೈರ್ ಆಗಿರಬೇಕು. ನಾನು ನಮಸ್ಕಾರ ಅನ್ನೋ ಮೊದಲೇ "ನೋಡಮ್ಮ, ಕವನಸಂಕಲನ ಒಂದು ರೆಡಿ ಇದೆ, ಪುಸ್ತಕ ಮಾಡಿಕೊಡೋಕೆ ನೀವು ಎಷ್ಟು ತಗೋತೀರಿ?" ಅಂದ್ರು.

"ಸರ್, ನಾವು ಕವಿಗಳ ಹತ್ರ ದುಡ್ಡು ತಗೊಳಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಗೊಳಲ್ವಾ? ಹಾಗಾದ್ರೆ ನಿಮಗೇನು ಲಾಭ?"

ಏನೋ ಬಿಟ್ಟಿ ಕೊಡ್ತೀವಿ ಅಂತ ಬಾಗಿಲಿಗೆ ಬಂದವರನ್ನ ಮೇಲಿಂದ ಕೆಳಗೆ ನೋಡ್ತೀವಲ್ಲ, ದನಿ ಹಾಗಿತ್ತು. ಫೈಲ್ ಕಳಿಸಿ ಸರ್, ಓದ್ತೀನಿ, ಹಿಡಿಸಿದ್ರೆ ಮಾಡೋಣ ಅಂದೆ. ಹಿಡಿಸದೇ ಇದ್ರೆ ಅಂದ್ರು. ಹಿಡಿಸದೇ ಇದ್ರೆ ಇಲ್ಲ ಸರ್ ಅಂದೆ. "ಅದೇನಮ್ಮ ಇದು, ದುಡ್ಡು ಕೊಡ್ತೀನಿ ಅಂದ್ರೂ ಪರೀಕ್ಷೆ ಬರೀಬೇಕಾ ಈ ವಯಸ್ಸಲ್ಲಿ?" ಅಂತ ಫೋನ್ ಇಟ್ಟೇಬಿಟ್ರು.

ಮೊದಲು ನಗು ಬಂತು. ಆಮೇಲೆ ಲೆಕ್ಕ ಹಾಕ್ತಾ ಕೂತೆ, ಅವರ ಅನುಮಾನ ಸುಳ್ಳೇನಲ್ಲ. 64 ಪುಟದ ಪುಸ್ತಕ ಅಂದ್ರೆ ನಾಲ್ಕು ಫಾರಂ, ಒಂದು ಫಾರಂ ಅಂದ್ರೆ ಮಡಚಿದ್ರೆ 16 ಪುಟ ಆಗೋ ಒಂದು ದೊಡ್ಡ ಹಾಳೆ. ಆಫ್‌ಸೆಟ್ ಮುದ್ರಣದಲ್ಲಿ ಮೊದಲು ಪುಟಗಳ ಪ್ಲೇಟ್ ಮಾಡಿಸ್ಬೇಕು, ಆ ಪ್ಲೇಟ್ ಖರ್ಚು ನೂರು ಪ್ರತಿಗೂ ಅಷ್ಟೇ ಸಾವಿರ ಪ್ರತಿಗೂ ಅಷ್ಟೇ, ಹಾಗಾಗಿ ಜಾಸ್ತಿ ಹಾಕಿಸಿದಷ್ಟೂ ಒಂದೊಂದಕ್ಕೆ ಬೀಳೋದು ಕಮ್ಮಿ, ಆ ಆಸೆಗೆ ಬಿದ್ದು ಸಾವಿರ ಹಾಕಿಸಿದ ಕವಿಗಳ ಮಂಚದ ಕೆಳಗೆ ಏನಿದೆ ಅಂತ ಒಂದ್ಸಲ ಬಗ್ಗಿ ನೋಡಿ. ನಾನು ಪ್ಲೇಟ್ ಬೇಕಿಲ್ಲದ ಡಿಜಿಟಲ್ ಮುದ್ರಣದಲ್ಲಿ ಸ್ವಲ್ಪ ಸ್ವಲ್ಪ ಹಾಕಿಸ್ತೀನಿ, ಒಂದೊಂದಕ್ಕೆ ದುಬಾರಿ ಬಿದ್ರೂ ಪರವಾಗಿಲ್ಲ, ಖಾಲಿ ಆದ್ರೆ ಮತ್ತೆ ಹಾಕಿಸಬಹುದು. ಅಂಗಡಿಯವರಿಗೆ ಮುಖಬೆಲೆಯಲ್ಲಿ ದೊಡ್ಡ ಪಾಲು ಕಮಿಷನ್, ಅದೂ ಮಾರಿದ ಮೇಲೆ ದುಡ್ಡು, ಮಾರದಿದ್ರೆ ಮೂಲೆ ಮಡಚಿಕೊಂಡ ಪ್ರತಿಗಳು ವಾಪಸ್ ಬರ್ತವೆ. ಕೊರಿಯರ್ ಬೇರೆ. ಗೌರವ ಪ್ರತಿ ಇಸ್ಕೊಂಡು ಬಿಚ್ಚಿಯೂ ನೋಡದ ದೊಡ್ಡ ಮನುಷ್ಯರ ಬಗ್ಗೆ ಬರೆಯೋಕೆ ಶುರು ಮಾಡಿದ್ರೆ ಇವತ್ತಿಗೆ ಮುಗಿಯಲ್ಲ. ಇಷ್ಟೆಲ್ಲ ಕಳೆದು ಮುಂದಿನ ಪುಸ್ತಕದ ಕಾಗದಕ್ಕೆ ದುಡ್ಡು ಉಳಿದ್ರೆ ಅದೇ ಗೆದ್ದ ಹಾಗೆ.

ಕವಿತೆ ಪುಸ್ತಕಕ್ಕೆ ಕೆಲಸ ಕಮ್ಮಿ ಅಂತ ಬೇರೆ ತುಂಬಾ ಜನ ಅಂದ್ಕೊಂಡಿದ್ದಾರೆ, ಪದಗಳೇ ಕಮ್ಮಿ ಅಲ್ವಾ ಅಂತ. ಗದ್ಯ ಆದ್ರೆ ಪುಟ ತುಂಬಾ ಹರಿಯೋಕೆ ಬಿಟ್ಟುಬಿಡಬಹುದು, ಕವಿತೆಯಲ್ಲಿ ಸಾಲು ಎಲ್ಲಿ ಮುರೀಬೇಕು ಅಂತ ಕವಿ ತಿಂಗಳುಗಟ್ಟಲೆ ಒದ್ದಾಡಿರ್ತಾನೆ, ನಾವು ಪುಟದ ಅಗಲ ಸಾಲದೆ ಕೊನೇ ಪದ ಕೆಳಗೆ ಬೀಳಿಸಿದ್ರೆ ಅವನಿಗೆ ಜ್ವರ ಬರುತ್ತೆ. ಎರಡು ಪುಟದ ಕವಿತೆ ಎಡಪುಟದಲ್ಲೇ ಶುರು ಆಗ್ಬೇಕು, ಹಾಳೆ ತಿರುವದೆ ಪೂರ್ತಿ ಕಾಣಬೇಕು. ಎಲ್ಲಾ ಹೊಂದಿಸಿದ ಮೇಲೆ 64 ಇದ್ದದ್ದು 66 ಆಯ್ತೋ, ನಾಲ್ಕು ಫಾರಂ ಮೀರುತ್ತೆ, ಯಾವ ಕವಿತೆ ತೆಗೀಬೇಕು ಅಂತ ಜಗಳ. ಡಿಜಿಟಲ್‌ಗೆ ಈ ಫಾರಂ ಲೆಕ್ಕ ಅಷ್ಟಾಗಿ ಬೇಕಿಲ್ಲ, ಆದ್ರೂ ನಾನು ಬಿಟ್ಟಿಲ್ಲ, ಯಾಕಂದ್ರೆ ಆ ಜಗಳದಲ್ಲೇ ಎಷ್ಟೋ ಸಂಕಲನಗಳು ಉದ್ಧಾರ ಆಗಿವೆ. ಕವಿಗಳು ಇದನ್ನ ಒಪ್ಪಲ್ಲ ಬಿಡಿ.

ಆದ್ರೆ ರಾತ್ರಿ ಮಲಗಿದಾಗ ಲಾಭದ ಮಾತು ಹೋಗಿ ಪರೀಕ್ಷೆ ಅನ್ನೋ ಮಾತು ಕಿವೀಲಿ ಉಳ್ಕೊಂಡಿತು. ಈ ವಯಸ್ಸಲ್ಲಿ ಪರೀಕ್ಷೆ ಬರೀಬೇಕಾ. ಆ ಮನುಷ್ಯ ಜಿಪುಣ ಅಲ್ಲ, ಮೋಸಗಾರನೂ ಅಲ್ಲ, ಸ್ವಲ್ಪ ಮುಂಗೋಪಿ ಅಷ್ಟೇ. ಅವರು ದುಡ್ಡು ಕೊಡೋಕೆ ಬಂದಿದ್ದೇ ಯಾರೂ ಓದಿ ಬೇಡ ಅನ್ನಬಾರದು ಅಂತ. ದುಡ್ಡು ತಗೊಳೋ ಪ್ರಕಾಶಕರನ್ನ ನಾನು ಇಷ್ಟು ವರ್ಷ ಬೈಕೊಂಡು ಓಡಾಡಿದ್ದೀನಿ, ಈಗಲೂ ಬೈತೀನಿ, ಆದ್ರೆ ಅವರು ಯಾರ ಮನಸ್ಸೂ ಮುರಿಯಲ್ಲ ಅನ್ನೋದೂ ನಿಜ. ಪುಗಸಟ್ಟೆ ಪುಸ್ತಕ ಮಾಡೋ ನಾನು ವಾರಕ್ಕೊಬ್ಬರ ಮನಸ್ಸು ಮುರಿತೀನಿ. ಅದಕ್ಕೊಂದು ನಯವಾದ ವಾಕ್ಯ ಇದೆ ನನ್ನ ಹತ್ರ, "ಈ ವರ್ಷದ ಪಟ್ಟಿ ತುಂಬಿದೆ." ಸಣ್ಣ ಪ್ರಕಾಶಕರೆಲ್ಲ ಇಂಥದ್ದೊಂದು ಇಟ್ಕೊಂಡಿರ್ತಾರೆ. ಇಂಗ್ಲಿಷ್ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಮತ್ತೆ ಅವರ ಗಂಡ ಲೆನಾರ್ಡ್ 1917ರಲ್ಲಿ ಒಂದು ಚಿಕ್ಕ ಕೈಮುದ್ರಣ ಯಂತ್ರ ತಂದು ಮನೆ ಊಟದ ಕೋಣೆಯಲ್ಲೇ ಹೋಗಾರ್ತ್ ಪ್ರೆಸ್ ಶುರು ಮಾಡಿದ್ರು. ಲೆನಾರ್ಡ್‌ಗೆ ಕೈ ನಡುಕ, ಹಾಗಾಗಿ ಅಕ್ಷರ ಜೋಡಿಸೋದು ವರ್ಜೀನಿಯಾ, ಯಂತ್ರ ಎಳೆಯೋದು ಲೆನಾರ್ಡ್. ಮಾರನೇ ವರ್ಷ ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ 'ಯುಲಿಸಿಸ್' ಕಾದಂಬರಿಯ ಹಸ್ತಪ್ರತಿ ಅವರ ಹತ್ರ ಬಂದಾಗ, ನಮ್ಮ ಯಂತ್ರ ಚಿಕ್ಕದು, ಇಷ್ಟು ದೊಡ್ಡದು ಆಗಲ್ಲ ಅಂದ್ರು. ಮಾತೇನೋ ನಿಜವೇ, ಬೇರೆ ಮುದ್ರಕರೂ ಅಶ್ಲೀಲ ಅಂತ ಕೇಸ್ ಬೀಳುತ್ತೆ ಅಂತ ಹೆದರಿ ಒಲ್ಲೆ ಅಂದಿದ್ರು, ಆದ್ರೆ ವರ್ಜೀನಿಯಾಗೆ ಆ ಬರವಣಿಗೆ ಅಷ್ಟಾಗಿ ಹಿಡಿಸಿರಲೂ ಇಲ್ಲ. ಯಂತ್ರ ಚಿಕ್ಕದಾಗಿದ್ದು ಅನುಕೂಲವೇ ಆಯ್ತು ಅಂತ ನನಗೆ ಅನ್ಸುತ್ತೆ.

ಇಷ್ಟು ಯೋಚನೆ ಮಾಡಿದ ಮೇಲೆ ಇನ್ನೊಂದು ಕಡೆಗೆ ತಲೆ ಹೋಯ್ತು. ಎಲ್ಲರ ಕವಿತೆಗೂ ಪರೀಕ್ಷೆ ಮಾಡೋ ನಾನು ನನ್ನ ಸಂಕಲನಗಳನ್ನೂ ಇಲ್ಲೇ ತಂದಿದ್ದೀನಲ್ಲ, ಅವಕ್ಕೆ ಯಾರು ಬೇಡ ಅಂದ್ರು? ಸ್ವಂತ ಪ್ರಕಾಶನ ಇಟ್ಕೊಂಡ ಕವಿಗೆ ತಿರಸ್ಕಾರದ ಪತ್ರ ಬರೋ ದಾರಿಯೇ ಇಲ್ಲ. ಅಮೆರಿಕದ ಕವಿ ವಾಲ್ಟ್ ವಿಟ್ಮನ್ 1855ರಲ್ಲಿ ತನ್ನ ಸಂಕಲನ ತಾನೇ ತಂದ, ಕೆಲವು ಪುಟಕ್ಕೆ ಅಕ್ಷರಾನೂ ತಾನೇ ಜೋಡಿಸಿದ, ಅಷ್ಟು ಸಾಲದು ಅಂತ ಹೆಸರು ಹಾಕದೆ ತನ್ನ ಪುಸ್ತಕಕ್ಕೆ ತಾನೇ ವಿಮರ್ಶೆ ಬರೆದು ಪತ್ರಿಕೆಗಳಲ್ಲಿ ಹಾಕಿಸ್ಕೊಂಡ. ಸ್ವಂತ ಪುಸ್ತಕ ಮಾಡ್ಕೊಳೋ ಪ್ರತಿ ಕವಿಯೂ ಅವನ ಹೆಸರು ಹೇಳ್ತಾನೆ, ನಾನೂ ಹೇಳಿದ್ದೀನಿ. ಆದ್ರೆ ಅವನು ವಿಟ್ಮನ್, ಆ ವರ್ಷ ಹಾಗೇ ಮಾಡಿದ ಉಳಿದವರ ಹೆಸರು ಯಾರಿಗೂ ನೆನಪಿಲ್ಲ. ಈ ಸಲದ ನನ್ನ ಫೈಲನ್ನ ಗೆಳತಿಯೊಬ್ಬಳಿಗೆ ಕಳಿಸಿದ್ದೀನಿ, ಅವಳೂ ಕವಿ, ಬಾಯಿ ಸ್ವಲ್ಪ ಖಾರ, ನನ್ನ ಮೇಲೆ ಒಂಚೂರು ಹೊಟ್ಟೆಕಿಚ್ಚೂ ಇದೆ ಅಂತ ನನ್ನ ಅನುಮಾನ. ಅವಳು ಬೇಡ ಅಂದದ್ದು ಬೇಡ, ವಾದ ಮಾಡಲ್ಲ ಅಂತ ಮಾತು ಕೊಟ್ಟಿದ್ದೀನಿ. ಈಗಾಗಲೇ ವಾದ ಮಾಡ್ಬೇಕು ಅನ್ನಿಸ್ತಿದೆ.

ಗುರುವಾರ ರಾತ್ರಿ ಫೋನ್ ಮಾಡಿದ್ದ ಆ ಹಿರಿಯರ ಫೈಲ್ ಬಂತು, ಜೊತೆಗೆ ಒಂದಕ್ಷರವೂ ಇಲ್ಲ, ಬರೀ ಫೈಲು. ಎರಡು ಸಲ ಓದಿದೆ. ಪ್ರಕೃತಿ, ತಾಯಿ, ನಾಡು ನುಡಿ ಎಲ್ಲಾ ಇದೆ, ಎಲ್ಲವೂ ಪ್ರಾಸಕ್ಕೆ ಸಿಕ್ಕಿ ಉಸಿರುಗಟ್ಟಿವೆ. ಕೊನೇಲಿ 'ಇತರೆ' ಅಂತ ತಲೆಬರಹ ಹಾಕಿ ಪ್ರಾಸ ಇಲ್ಲದ ಒಂದಿಷ್ಟು ಪದ್ಯ ಇಟ್ಟಿದ್ದಾರೆ, ಪೂರ್ತಿ ಆಫೀಸಿನವು. ಬೇರೆ ಬೇರೆಯವರು ಬರೆದ ಹಾಜರಿ ರಿಜಿಸ್ಟರು, ತೀರಿಹೋದ ಗುಮಾಸ್ತನ ಹೆಸರಿನ ಮುಂದೆ ಯಾರೋ ಅಭ್ಯಾಸಬಲದಿಂದ ಹಾಕಿದ ರಜೆ ಅನ್ನೋ ಗುರುತು, ಹೀಗೆ. ಇವು ಅವರಿಗೆ ಪದ್ಯ ಅಂತಲೇ ಅನ್ನಿಸಿಲ್ಲ ಅನ್ಸುತ್ತೆ, ಇಲ್ದಿದ್ರೆ ಹೀಗೆ ಹಿಂದೆ ತುರುಕ್ತಿರಲಿಲ್ಲ.

'ಇತರೆ' ಮಾತ್ರ ಸಾಕು, ಒಂದೇ ಫಾರಂ, ಮಧ್ಯಕ್ಕೆ ಪಿನ್ ಹೊಡೆದು ಚಿಕ್ಕ ಪುಸ್ತಕ ಮಾಡೋಣ, ಉಳಿದದ್ದು ಬೇಡ ಸರ್ ಅಂತ ಭಾನುವಾರ ಫೋನ್ ಮಾಡಿ ಹೇಳ್ತೀನಿ. ಪಟ್ಟಿ ತುಂಬಿದೆ ಅಂತ ಹೇಳಲ್ಲ. ಬೈತಾರೆ, ದುಡ್ಡು ನಾನು ಕೊಡ್ತೀನಿ ಎಲ್ಲಾ ಹಾಕಿ ಅಂತಾರೆ, ಫೋನ್ ಇಟ್ರೂ ಇಡಬಹುದು. ಇಟ್ರೆ ಸೋಮವಾರ ಮತ್ತೆ ಮಾಡ್ತೀನಿ, ಆ ರಿಜಿಸ್ಟರ್ ಪದ್ಯಗಳನ್ನ ಬೇರೆಯವರಿಗೆ ಬಿಟ್ಟುಕೊಡೋ ಮನಸ್ಸು ನನಗಂತೂ ಇಲ್ಲ.