ಹಳೆಯ ಕೆ-8 ಗ್ಲೈಡರಿನ ದುರಸ್ತಿ: ಇಪ್ಪತ್ತೆರಡನೆಯ ವಾರದ ವರದಿ

ಹಿಂದಿನ ವರದಿ ಬರೆಯುವಾಗ ಬಲ ರೆಕ್ಕೆಯ ಬಟ್ಟೆಯನ್ನು ಇನ್ನೂ ಬಿಚ್ಚಿರಲಿಲ್ಲ. ಈಗ ಎರಡೂ ರೆಕ್ಕೆಗಳು ಬಟ್ಟೆ ಕಳಚಿಕೊಂಡು, ಒಳಗಿನ ಮರವೆಲ್ಲ ಕಣ್ಣಿಗೆ ಕಾಣುವಂತೆ ಆಸರೆಗಳ ಮೇಲೆ ಮಲಗಿವೆ. ಉಕ್ಕಿನ ಕೊಳವೆಗಳ ಒಡಲನ್ನು ಉಜ್ಜಿ, ತುಕ್ಕು ತೆಗೆದು, ಬಣ್ಣ ಬಳಿದಾಗಿದೆ. ಅದರ ಬಗ್ಗೆ ಹೆಚ್ಚು ಬರೆಯಬೇಕಾದದ್ದೇನೂ ಇಲ್ಲ.

ರುಡಾಲ್ಫ್ ಕೈಸರ್ ವಿನ್ಯಾಸಗೊಳಿಸಿದ, ಎಂಜಿನ್ ಇಲ್ಲದ ಈ ಏಕಾಸನದ ಗ್ಲೈಡರ್ ಮೊದಲು ಹಾರಿದ್ದು 1957ರಲ್ಲಿ. ಮುಂದೆ ಈ ಮಾದರಿಯಲ್ಲಿ ಸಾವಿರಕ್ಕೂ ಹೆಚ್ಚು ಗ್ಲೈಡರುಗಳು ತಯಾರಾದವು. ರೆಕ್ಕೆಗಳ ಒಟ್ಟು ಅಗಲ 15 ಮೀಟರ್. ನಿಶ್ಚಲವಾದ ಗಾಳಿಯಲ್ಲಿ ಒಂದು ಕಿಲೋಮೀಟರ್ ಕೆಳಗಿಳಿಯುವಷ್ಟರಲ್ಲಿ ಇದು ಸುಮಾರು 27 ಕಿಲೋಮೀಟರ್ ಮುಂದೆ ಸಾಗುತ್ತದೆ. ಇಂದಿನ ಉತ್ತಮ ಫೈಬರ್ ಗ್ಲೈಡರುಗಳು ಅದರ ಎರಡು ಪಟ್ಟು ಸಾಗಬಲ್ಲವು. ಆದರೂ ನಾವು ಏಳು ಮಂದಿ ರಜಾದಿನಗಳನ್ನೆಲ್ಲ ಇದಕ್ಕೆ ಮೀಸಲಿಟ್ಟಿದ್ದೇವೆ. ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಯಾರ ನೆರವೂ ಇಲ್ಲದೆ ಮೊದಲ ಥರ್ಮಲ್ (ಮೇಲೇಳುವ ಬಿಸಿಗಾಳಿ) ಹಿಡಿದು ಮೇಲೇರಿದ್ದು ಇದೇ ಕಾಕ್‌ಪಿಟ್‌ನಲ್ಲಿ ಕುಳಿತು.

ರೆಕ್ಕೆಯ ಉದ್ದಕ್ಕೂ ಇರುವ ಮುಖ್ಯ ತೊಲೆಯ ಅಂಟಿನ ಕೂಡಿಕೆಗಳನ್ನು ಚಿಕ್ಕ ಸುತ್ತಿಗೆಯಿಂದ ಒಂದೊಂದಾಗಿ ತಟ್ಟಿ, ಕಿವಿಗೊಟ್ಟು ಪರೀಕ್ಷಿಸಿದೆವು. ತೊಲೆ ಗಟ್ಟಿಯಾಗಿದೆ. ಆದರೆ ನೀರು ಹೊರಹೋಗಲು ಬಿಟ್ಟಿದ್ದ ರಂಧ್ರಗಳು ಮುಚ್ಚಿಹೋಗಿದ್ದರಿಂದ ಹಿಂಬದಿಯಲ್ಲಿ ಎರಡು ರಿಬ್ಬುಗಳು (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳು) ತೇವ ಹಿಡಿದು ಮೆತ್ತಗಾಗಿದ್ದವು. ಅವನ್ನು ಹೊಸದಾಗಿ ಮಾಡಿ ಕೂರಿಸಿದ್ದೇವೆ.

ಬಲ ರೆಕ್ಕೆಯ ಮುಂಬದಿಯ ಅಂಚಿನಲ್ಲಿ, ತುದಿಯಿಂದ ಎರಡು ಮೀಟರ್ ಒಳಗೆ, ಅಂಗೈಯಗಲದ ಒಂದು ಪ್ಲೈವುಡ್ ತೇಪೆ ಇದೆ. ಅದನ್ನು ಹಾಕಿದವನು ನಾನೇ. ಗ್ಲೈಡರ್ ಹಾರಾಟಗಾರರ ಸಾಧನೆಗೆ ಕೊಡುವ ಬೆಳ್ಳಿ ಬ್ಯಾಡ್ಜಿಗೆ ಬೇಕಾದ 50 ಕಿಲೋಮೀಟರ್ ದೂರದ ಹಾರಾಟಕ್ಕೆ ಹೊರಟ ನಾನು 38ನೆಯ ಕಿಲೋಮೀಟರಿನಲ್ಲಿ ಎತ್ತರ ಕಳೆದುಕೊಂಡು, ಕಟಾವಾಗಿದ್ದ ಒಂದು ಹೊಲದಲ್ಲಿ ಇಳಿದು, ಕೊನೆಯ ಗಳಿಗೆಯಲ್ಲಿ ಬೇಲಿಯ ಗೂಟಕ್ಕೆ ರೆಕ್ಕೆ ತಾಗಿಸಿಬಿಟ್ಟೆ. ಟ್ರೇಲರ್ ಎಳೆದುಕೊಂಡು ನಾಲ್ವರು ಬಂದಾಗ ಕತ್ತಲಾಗಿತ್ತು. ನನ್ನ ಶಿಕ್ಷಕರು ಟಾರ್ಚ್ ಬೆಳಕನ್ನು ರೆಕ್ಕೆಯ ಕಡೆಗೆ ತಿರುಗಿಸಲೇ ಇಲ್ಲ, ನನ್ನ ಮುಖದ ಮೇಲೆ ಹಿಡಿದು, "ನಿನಗೇನೂ ಆಗಿಲ್ಲ ತಾನೇ?" ಎಂದು ಕೇಳಿದರು. ಆ ಇಡೀ ರಾತ್ರಿ ಬೇರೆ ಯಾವ ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ.

ಹಾರಾಟವಿಲ್ಲದ ತಿಂಗಳುಗಳಲ್ಲಿ ಅವರೇ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಓರೆ ಕೂಡಿಕೆ ಕಲಿಸಿದರು. ಪ್ಲೈವುಡ್ ಎಷ್ಟು ದಪ್ಪವಿದೆಯೋ ಅದರ ಹನ್ನೆರಡು ಪಟ್ಟು ಉದ್ದಕ್ಕೆ ಅಂಚನ್ನು ಇಳಿಜಾರಾಗಿ ಕೆತ್ತಬೇಕು. ಆಗಲೇ ಅಂಟಿಗೆ ಸಾಕಷ್ಟು ಮೈ ಸಿಗುತ್ತದೆ. ನನ್ನ ನಾಲ್ಕು ತುಂಡುಗಳನ್ನು ಅವರು ಬೆರಳಿನಿಂದ ಸವರಿ ನೋಡಿ ಪಕ್ಕಕ್ಕಿಟ್ಟರು. ಐದನೆಯದನ್ನು ಮಾತ್ರ ರೆಕ್ಕೆಗೆ ಅಂಟಿಸಲು ಬಿಟ್ಟರು. ಅವರು ಈಗಿಲ್ಲ. ಕಳೆದ ವಾರ ಪರೀಕ್ಷಕರು ಆ ತೇಪೆಯನ್ನು ತಟ್ಟಿ ನೋಡಿ, ತೆಗೆಯುವ ಅಗತ್ಯವಿಲ್ಲವೆಂದು ಬರೆದುಕೊಟ್ಟಾಗ ನನಗೆ ಆದ ಸಂತೋಷ, ಮುಂದೆ ಅದೇ 50 ಕಿಲೋಮೀಟರ್ ಪೂರೈಸಿದ ದಿನದ ಸಂತೋಷಕ್ಕಿಂತ ಕಡಿಮೆಯದೇನಲ್ಲ.

ಬಟ್ಟೆಯ ಹೊಲಿಗೆಯ ಹೊಣೆ ಹೊತ್ತವರು ನಮ್ಮಲ್ಲೇ ಹಿರಿಯರಾದ ಒಬ್ಬ ಮಹಿಳೆ. ಬೆಳ್ಳಿ ಬ್ಯಾಡ್ಜಿನ ಐದು ಗಂಟೆಗಳ ಹಾರಾಟದಲ್ಲಿ, ನನ್ನ ಬೆನ್ನ ಹಿಂದೆ ಮೊಹರು ಹಾಕಿದ, ಎತ್ತರ ದಾಖಲಿಸುವ ಬ್ಯಾರೋಗ್ರಾಫ್ ಮಸಿ ಹಿಡಿಸಿದ ಹಾಳೆಯ ಮೇಲೆ ಗೆರೆ ಕೊರೆಯುತ್ತಿದ್ದಾಗ, ಮೂರನೆಯ ಗಂಟೆಯಲ್ಲಿ ನಾನು 300 ಮೀಟರಿಗೆ ಕುಸಿದಿದ್ದೆ. ಏರುವ, ಇಳಿಯುವ ವೇಗ ತೋರಿಸುವ ವೇರಿಯೋಮೀಟರಿನ ಮುಳ್ಳು ಇಳಿತವನ್ನೇ ತೋರಿಸುತ್ತಿತ್ತು, ರೇಡಿಯೋ ಇರಲಿಲ್ಲ. ನನಗಿಂತ ಬಹಳ ಮೇಲಿದ್ದ ಇವರು ಏರ್‌ಬ್ರೇಕ್ ತೆರೆದು, ಗಳಿಸಿದ ಎತ್ತರವನ್ನೆಲ್ಲ ಬಿಟ್ಟುಕೊಟ್ಟು ಕೆಳಗಿಳಿದು, ನನ್ನಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಸುತ್ತತೊಡಗಿದರು. ಅವರ ರೆಕ್ಕೆ ಏರುವುದನ್ನು ಕಂಡು ನಾನೂ ಅದೇ ದಿಕ್ಕಿನಲ್ಲಿ ಸುತ್ತುತ್ತ ಸೇರಿಕೊಂಡೆ. ಆ ಹಾಳೆಯಲ್ಲಿ ಗೆರೆ ಆಳಕ್ಕೆ ಇಳಿದು ಮತ್ತೆ ಏರುವ ತಿರುವು ಇಂದಿಗೂ ಸ್ಪಷ್ಟವಾಗಿದೆ. ಮೊನ್ನೆ ಅದನ್ನು ತಂದು ತೋರಿಸಿದಾಗ ಅವರು, "ಆ ದಿನ ಇನ್ನೂ ಮೊದಲೇ ಇಳಿದು ಬರಬೇಕಾಗಿತ್ತು" ಎಂದಷ್ಟೇ ಹೇಳಿ ಸೂಜಿಗೆ ದಾರ ಪೋಣಿಸಿದರು.

ಉಳಿದಿರುವ ಕೆಲಸ ಇಷ್ಟು: ಪಾಲಿಯೆಸ್ಟರ್ ಬಟ್ಟೆಯನ್ನು ಅಂಟಿಸಿ, ಇಸ್ತ್ರಿಯ ಹದವಾದ ಶಾಖದಿಂದ ಬಿಗಿಗೊಳಿಸಿ, ರಿಬ್ಬುಗಳಿಗೆ ಹೊಲಿದು, ಬಟ್ಟೆಯ ಸಂದುಗಳನ್ನು ಮುಚ್ಚುವ ಡೋಪ್ ಎಂಬ ಲೇಪವನ್ನು ಬಳಿಯಬೇಕು. ಬಣ್ಣವನ್ನು ತೆಳುವಾಗಿಯೇ ಹಚ್ಚುತ್ತೇವೆ, ಏಕೆಂದರೆ ಸುಮಾರು 190 ಕಿಲೋ ತೂಗುವ ಗ್ಲೈಡರಿಗೆ ಪ್ರತಿ ಕಿಲೋ ಕೂಡ ಹೊರೆಯೇ. ಆಮೇಲೆ ತೂಕ ಮಾಡಿ ಗುರುತ್ವಕೇಂದ್ರವನ್ನು ಗೊತ್ತುಮಾಡಬೇಕು.

ಎಡ ರೆಕ್ಕೆಯ ತುದಿಯಲ್ಲಿ ಬಿರುಕುಬಿಟ್ಟ ಪ್ಲೈವುಡ್ಡನ್ನು ಬದಲಿಸುವ ಕೆಲಸವನ್ನು, ಕಳೆದ ತಿಂಗಳಷ್ಟೇ ಮೊದಲ ಬಾರಿ ಒಂಟಿಯಾಗಿ ಹಾರಿದ ಹುಡುಗಿಗೆ ಒಪ್ಪಿಸಿದ್ದೇವೆ. ಅವಳು ಮಾಡಿದ ಮೂರನೆಯ ತುಂಡನ್ನು ಇವತ್ತು ಬೆರಳಿನಿಂದ ಸವರಿ ನೋಡಿ ಪಕ್ಕಕ್ಕಿಟ್ಟೆ. ನಾಲ್ಕನೆಯದಕ್ಕೆ ಗೆರೆ ಎಳೆದಿಟ್ಟು ಮನೆಗೆ ಹೋಗಿದ್ದಾಳೆ.